ಕಿಟಕಿಯ ಸರಳು ಮತ್ತು ಬೆಂಕಿಪುರದ ಉರುಳು

ಸಿ.ಎಸ್. ಪುರದ ನಮ್ಮ ಹಳೆಯ ಮನೆಯನ್ನು ಕೆಡವುವುದೆಂದು ತೀರ್ಮಾನವಾದ ವಾರವೇ ಗುಜರಿಯವನು ಬಂದ. ಮನೆಯ ಸುತ್ತ ಒಂದು ಸುತ್ತು ಹಾಕಿ, ಹಂಡೆ, ಮುರಿದ ನೇಗಿಲ ಗುಳ, ಬಾವಿಯ ರಾಟೆ ಎಲ್ಲವನ್ನೂ ಕಣ್ಣಲ್ಲೇ ತೂಗಿದ. ಕೊನೆಗೆ ಬೀದಿ ಕಡೆಯ ನಾಲ್ಕು ಕಿಟಕಿಗಳ ಮುಂದೆ ನಿಂತು ಒಂದು ಸರಳನ್ನು ಬೆರಳಿನಿಂದ ತಟ್ಟಿದ. "ಇವು ಹಳೇ ಕಾಲದ ಗಟ್ಟಿ ಮಾಲು ಸಾರ್. ಆದ್ರೆ ನಮಗೆ ಎಲ್ಲಾ ಒಂದೇ ರೇಟು. ಕೆ.ಜಿ.ಗೆ ಮೂವತ್ತು ರೂಪಾಯಿ" ಎಂದ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಲೆಕ್ಕ ನನ್ನ ವಿಷಯವಲ್ಲ. ಆದರೂ ಅವನು ಹೋದ ಮೇಲೆ ಟೇಪು ಹಿಡಿದು ಅಳೆದೆ. ಕಿಟಕಿಗೆ ಏಳರಂತೆ ಇಪ್ಪತ್ತೆಂಟು ಸರಳು, ಒಂದೊಂದೂ ನಾಲ್ಕು ಅಡಿ, ದಪ್ಪ ಅರ್ಧ ಇಂಚು. ಕಟ್ಟಡ ಕಟ್ಟುವ ಮೇಸ್ತ್ರಿಗಳಿಗೆಲ್ಲ ಬಾಯಿಗೆ ಬರುವ ಸೂತ್ರವೊಂದಿದೆ: ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗಳಲ್ಲಿ ಸಿಗುತ್ತದೆ. ಅರ್ಧ ಇಂಚೆಂದರೆ 12.7 ಮಿ.ಮೀ. ಲೆಕ್ಕ ಹಾಕಿದರೆ ಮೀಟರಿಗೆ ಹೆಚ್ಚು ಕಡಿಮೆ ಒಂದು ಕೆ.ಜಿ. ಒಟ್ಟು 34 ಕೆ.ಜಿ., ಸಾವಿರದ ಇಪ್ಪತ್ತು ರೂಪಾಯಿ.

ಈ ಸೂತ್ರವನ್ನು ನನಗೆ ಹೇಳಿಕೊಟ್ಟವರು ನಮ್ಮ ದೊಡ್ಡಪ್ಪ. ಆ ಸರಳುಗಳನ್ನು ಮನೆಗೆ ತಂದವರೂ ಅವರೇ. ಅಜ್ಜನ ಹೊಲದ ರಾಗಿ ಮೂವರು ಮಕ್ಕಳಿಗೆ ಸಾಲದು ಎಂದು 1954ರಲ್ಲಿ ಗುಬ್ಬಿಯಲ್ಲಿ ರೈಲು ಹತ್ತಿ ಭದ್ರಾವತಿಗೆ ಹೋದವರು, ಅಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. 1961ರಲ್ಲಿ ಅಪ್ಪ ಈ ಮನೆ ಕಟ್ಟಿಸುವಾಗ ಕಬ್ಬಿಣಕ್ಕೆ ಪರ್ಮಿಟ್ಟಿನ ಕಾಲ. ದೊಡ್ಡಪ್ಪ ಓಡಾಡಿ ಪರ್ಮಿಟ್ಟು ಮಾಡಿಸಿ, "ಬೇರೆ ಕಡೇದು ಬೇಡ, ನಮ್ಮ ಮಿಲ್ಲಿಂದೇ ಆಗ್ಲಿ" ಎಂದು ಹಟ ಹಿಡಿದು ತರಿಸಿದರಂತೆ. ಊರಿಗೆ ಬಂದಾಗಲೆಲ್ಲ ಜಗುಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾ ಅವರ ಕೈ ತಾನಾಗಿ ಒಂದು ಸರಳಿನ ಮೇಲೆ ಹೋಗುತ್ತಿತ್ತು. ಅದು ದುಂಡಗಿದೆಯೇ ಎಂದು ಹೆಬ್ಬೆರಳಲ್ಲಿ ನೋಡುವುದು ಅವರ ಅಭ್ಯಾಸ.

ಗುಜರಿಯವನ ಮಾತು ಕೇಳಿದ ಮೇಲೆ ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ನಾನು ಅಶೋಕನ ಶಾಸನ, ಹೊಯ್ಸಳರ ಗುಡಿ, ದೆಹಲಿಯ ಕಬ್ಬಿಣದ ಕಂಬದ ಪಾಠ ಮಾಡಿದೆ. ನಮ್ಮ ಮನೆಯ ಕಿಟಕಿಯ ಚರಿತ್ರೆಯನ್ನು ಒಂದು ದಿನವೂ ಯಾರಿಗೂ ಹೇಳಲಿಲ್ಲ. ಈ ಬರಹ ಆ ಬಾಕಿ ತೀರಿಸುವ ಪ್ರಯತ್ನ.

ಕಬ್ಬಿಣ ನಮ್ಮ ಸೀಮೆಗೆ ಹೊಸದೇನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುತ್ತಿದ್ದವರ ವಿವರವಿದೆ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುವ ಕಪ್ಪು ಮರಳನ್ನು ಗೋರಿ, ಜಾಲಿಸಿ, ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಹಾಕಿ ತಿದಿ ಒತ್ತುತ್ತಿದ್ದರು. ಹಾಗೆ ಬಂದ ಕಬ್ಬಿಣದ ಸಣ್ಣ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ತಂಗಡಿ ಗಿಡದ ಒಂದಿಷ್ಟು ಕಡ್ಡಿ, ಮೇಲೆರಡು ಹಸಿರೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಕಾಸಿದರೆ ಉಕ್ಕು. ಕಡ್ಡಿ ಮತ್ತು ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತದೆ ಎನ್ನುವುದು ಇಂದಿನ ವಿವರಣೆ. ಆ ತಂಗಡಿ, ಅಂದರೆ ಆವರಿಕೆ, ಇವತ್ತಿಗೂ ನಮ್ಮೂರ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಪಾಶ್ಚಾತ್ಯರು ಭಾರತದ ಉಕ್ಕಿಗೆ ಇಟ್ಟ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಎಂದು ಹೇಳುವ ವಿದ್ವಾಂಸರಿದ್ದಾರೆ.

ಆದರೆ ಆ ಉಕ್ಕು ಅಂಗೈಯಲ್ಲಿ ಹಿಡಿಸುವಷ್ಟು. ಕತ್ತಿಗೆ, ಉಳಿಗೆ, ಕುಡುಗೋಲಿನ ಬಾಯಿಗೆ ಸಾಕು. ರೈಲು ಹಳಿಗೆ, ಸೇತುವೆಗೆ, ಮನೆಯ ತೊಲೆಗೆ ಸಾಲದು. ಸುತ್ತಿಗೆಯಲ್ಲಿ ಬಡಿದು ಉದ್ದ ಮಾಡುವ ಕೆಲಸಕ್ಕೂ ಮಿತಿಯಿದೆ. ಇಂಗ್ಲೆಂಡಿನ ಹೆನ್ರಿ ಕಾರ್ಟ್ 1783ರಲ್ಲಿ ಗಾಡಿ ಕೊರೆದ ಉರುಳುಗಳ ನಡುವೆ ಕಾದ ಕಬ್ಬಿಣವನ್ನು ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಸುತ್ತಿಗೆಯ ಸಾವಿರ ಪೆಟ್ಟಿನ ಕೆಲಸವನ್ನು ಎರಡು ಉರುಳು ಒಂದೇ ಉಸಿರಿಗೆ ಮಾಡತೊಡಗಿದವು. ಅದರ ಮುಂದೆ ನಮ್ಮ ಮೂಸೆಯ ಉಕ್ಕು ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದಾಗಿ ನಮ್ಮ ಕಡೆಯ ಕುಲುಮೆಗಳು ಆರಿದವು. ಉಳಿದ ಕುಲುಮೆಗಳು ಹಡಗಿನಲ್ಲಿ ಬಂದ ಕಬ್ಬಿಣವನ್ನು ಬಗ್ಗಿಸುವ ಕೆಲಸಕ್ಕೆ ನಿಂತವು.

ಮೈಸೂರು ಸಂಸ್ಥಾನ ಮತ್ತೆ ತಾನೇ ಕಬ್ಬಿಣ ಕರಗಿಸುವ ಕನಸು ಕಂಡದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಬಾಬಾಬುಡನ್ ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು. ಸುಣ್ಣದ ಕಲ್ಲು ಹತ್ತಿರದಲ್ಲೇ ಸಿಗುತ್ತಿತ್ತು, ಭದ್ರಾ ನದಿಯ ನೀರಿತ್ತು. ಇಲ್ಲದ್ದು ಕಲ್ಲಿದ್ದಲು. ಟಾಟಾ ಅವರ ಸಾಕ್ಚಿ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್ ಅವರನ್ನು ಕರೆಸಿ ಕೇಳಿದಾಗ ಸಿಕ್ಕ ದಾರಿ, ಮಲೆನಾಡಿನ ಕಾಡು. ಸೌದೆಯನ್ನು ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಸುಟ್ಟು ಇದ್ದಿಲು ಮಾಡುವುದು, ಆ ಹೊಗೆಯನ್ನೂ ಬಿಡದೆ ತಣಿಸಿ ಮರದ ಮದ್ಯಸಾರ, ಅಸಿಟೇಟ್, ಡಾಂಬರು ತೆಗೆಯುವುದು, ಇದ್ದಿಲಿನಿಂದ ಅದಿರು ಕರಗಿಸುವುದು. ಭದ್ರಾ ದಂಡೆಯ ಒಂದು ಪುಟ್ಟ ಊರನ್ನು ಆರಿಸಿದರು. ಅದರ ಹೆಸರು ಬೆಂಕಿಪುರ. ಕಾರ್ಖಾನೆ ಬರುವ ಮೊದಲೇ ಆ ಹೆಸರಿತ್ತೆನ್ನುವುದು ಕಾಕತಾಳೀಯವಾದರೂ ಚೆನ್ನಾಗಿದೆ. ಆಮೇಲೆ ಅದು ಭದ್ರಾವತಿಯಾಯಿತು.

1918ರಲ್ಲಿ ನಿರ್ಧಾರವಾಯಿತು. ಆದರೆ ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಕೆಲಸ ಕುಂಟಿತು, ಖರ್ಚು ಏರಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬೀಳುವ ಹೊತ್ತಿಗೆ ಯುದ್ಧಕಾಲದ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ಇದು ಬಿಳಿಯಾನೆ, ಮುಚ್ಚಿಬಿಡಿ ಎನ್ನುವವರು ಆಗಲೇ ಇದ್ದರು. ಮಹಾರಾಜರ ಸರ್ಕಾರ ವಿಶ್ವೇಶ್ವರಯ್ಯನವರನ್ನೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆಯಿತು. 1923ರಿಂದ 1929ರವರೆಗೆ ಅವರು ಕೂತು ಖರ್ಚು ಕತ್ತರಿಸಿದರು, ದುಬಾರಿ ಸಂಬಳದ ವಿದೇಶಿಯರ ಜಾಗಕ್ಕೆ ಇಲ್ಲಿನವರನ್ನು ತಯಾರು ಮಾಡಿದರು, ಬರಿಯ ಕಚ್ಚಾ ಕಬ್ಬಿಣ ಮಾರುವ ಬದಲು ಕೊಳವೆ ಎರಕ ಹೊಯ್ದು ಮಾರುವಂತೆ ಮಾಡಿದರು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನ ವೃತ್ತಿ ಶಿಕ್ಷಣ ಸಂಸ್ಥೆಗೆ ಬಿಟ್ಟುಕೊಟ್ಟರು. ಈಗಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ.

ಇಷ್ಟು ಕಥೆ ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ಆದರೆ ನಮ್ಮ ಕಿಟಕಿಯ ಸರಳು ಹುಟ್ಟಲು ಇನ್ನೂ ಒಂದು ಹೆಜ್ಜೆ ಬೇಕಿತ್ತು. ಕಚ್ಚಾ ಕಬ್ಬಿಣ ಬಡಿದರೆ ಒಡೆಯುತ್ತದೆ. ಅದನ್ನು ಎರಕ ಹೊಯ್ಯಬಹುದು, ಉರುಳಿಗೆ ಕೊಡಲಾಗದು. ಉರುಳಿಗೆ ಕೊಡಬೇಕಾದರೆ ಅದರೊಳಗಿನ ಹೆಚ್ಚಿನ ಇಂಗಾಲ ತೆಗೆದು ಉಕ್ಕು ಮಾಡಬೇಕು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಜಗತ್ತೇ ಆರ್ಥಿಕ ಕುಸಿತದಲ್ಲಿದ್ದು ಕಚ್ಚಾ ಕಬ್ಬಿಣ ಕೇಳುವವರಿಲ್ಲದ ದಿನಗಳಲ್ಲಿ, ಉಕ್ಕಿನ ಕುಲುಮೆಯನ್ನೂ ರೋಲಿಂಗ್ ಮಿಲ್ಲನ್ನೂ ಕಟ್ಟಿದರು. 1936ರ ಹೊತ್ತಿಗೆ ಮೈಸೂರು ಕಬ್ಬಿಣದ ಕಾರ್ಖಾನೆ ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಾಯಿತು. ಅದೇ ವರ್ಷ ಪಕ್ಕದಲ್ಲೇ ಕಾಗದದ ಕಾರ್ಖಾನೆಗೂ ಅಡಿಪಾಯ ಬಿತ್ತು, ಹಿಂದೆಯೇ ಸಿಮೆಂಟೂ ಬಂತು. ಬೆಂಕಿಪುರ ನಿಜಕ್ಕೂ ಬೆಂಕಿಯ ಪುರವಾಯಿತು.

ನಾನು ಆ ರೋಲಿಂಗ್ ಮಿಲ್ಲನ್ನು ಮೊದಲು ನೋಡಿದ್ದು ಹತ್ತು ವರ್ಷದವನಿದ್ದಾಗ, ಆಯುಧಪೂಜೆಯ ದಿನ. ಅಂದು ಕೆಲಸದವರ ಮನೆಮಂದಿಯನ್ನು ಒಳಗೆ ಬಿಡುತ್ತಿದ್ದರು. ಗುಬ್ಬಿಯಿಂದ ಅರಸೀಕೆರೆ, ಬೀರೂರು, ತರೀಕೆರೆ ದಾಟಿ ಮೀಟರ್ ಗೇಜಿನ ರೈಲಿನಲ್ಲಿ ಹೋಗಿದ್ದೆವು. ಹಾಗಾಗಿ ನಾನು ನೋಡಿದ ಮಿಲ್ಲು ನಿಂತ ಮಿಲ್ಲು. ಉರುಳುಗಳಿಗೆ ಅರಿಶಿನ ಕುಂಕುಮ, ಕಂಬಗಳಿಗೆ ಬಾಳೆಕಂದು, ಕ್ರೇನಿನ ಕೊಕ್ಕೆಗೆ ಚೆಂಡುಹೂವಿನ ಹಾರ. ನನಗೆ ಅದು ದೇವರಿಲ್ಲದ ದೊಡ್ಡ ಗುಡಿಯ ಹಾಗೆ ಕಂಡಿತು. "ಇವತ್ತು ಅದು ಮಲಗೈತೆ ಮಗ. ಎದ್ದಾಗ ನೋಡ್ಬೇಕು ನೀನು" ಎಂದರು ದೊಡ್ಡಪ್ಪ.

ಕಟ್ಟಡದ ಬಗ್ಗೆ ಮೊದಲು ಹೇಳಬೇಕು. ರೋಲಿಂಗ್ ಮಿಲ್ಲಿನ ಕಟ್ಟಡವನ್ನು ಯಾರೂ ಅಂದಕ್ಕಾಗಿ ಕಟ್ಟುವುದಿಲ್ಲ. ಒಳಗಿನ ಕೆಲಸವೇ ಅದರ ಅಳತೆ ಹೇಳುತ್ತದೆ. ಉರುಳಿನಿಂದ ಹೊರಬಂದ ಸರಳು ನೂರಾರು ಅಡಿ ಉದ್ದ, ಆದ್ದರಿಂದ ಕಟ್ಟಡ ಉದ್ದ. ಟನ್ನುಗಟ್ಟಲೆ ತೂಗುವ ಉರುಳುಗಳನ್ನು ಎತ್ತಿ ಬದಲಾಯಿಸಬೇಕು, ಆದ್ದರಿಂದ ಸಾಲು ಕಂಬಗಳ ಮೇಲೆ ಹಳಿ, ಹಳಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡುವ ಕ್ರೇನು, ಅದರ ಮೇಲೆ ಚಾವಣಿ. ಚಾವಣಿಯ ನೆತ್ತಿಯಲ್ಲಿ ಉದ್ದಕ್ಕೂ ಬಿಟ್ಟ ತೆರಪು, ಬಿಸಿಗಾಳಿ ಅದರ ಮೂಲಕ ತಾನೇ ಮೇಲೇರಿ ಹೋಗಲಿ ಎಂದು. ನಮ್ಮ ಹಳೆಯ ಅಡುಗೆಮನೆಗಳ ಹೊಗೆಗೂಡಿನ ಲೆಕ್ಕವೇ. ಹಳೆಯ ಮಿಲ್ಲುಗಳಲ್ಲಿ ಉರುಳು ತಿರುಗಿಸುವ ಮೋಟಾರಿಗೆ ಪ್ರತ್ಯೇಕ ಕೋಣೆ. ಕಬ್ಬಿಣದ ದೂಳು ಅದರೊಳಗೆ ಹೋಗಬಾರದು. ಗೋಡೆಯ ಆಚೆ ಮೋಟಾರು, ಈಚೆ ಉರುಳು, ನಡುವೆ ಗೋಡೆ ತೂರಿ ಬರುವ ಕಬ್ಬಿಣದ ದಂಡ. ಕಣ್ಣಿಗೆ ಬೀಳದ ಭಾಗ ನೆಲದ ಕೆಳಗಿದೆ. ಯಂತ್ರ ಅದುರದಂತೆ ಹಿಡಿಯುವ ಆಳವಾದ ಕಾಂಕ್ರೀಟು ಅಡಿಪಾಯ, ಉರುಳು ತಣಿಸಿದ ನೀರು ಹರಿಯುವ ಕಾಲುವೆ, ಆ ನೀರಿನೊಂದಿಗೆ ಬರುವ ಕಬ್ಬಿಣದ ಹೊಟ್ಟು ತಂಗುವ ಗುಂಡಿ.

ಯಂತ್ರವನ್ನು ದೊಡ್ಡಪ್ಪ ನನಗೆ ವಿವರಿಸಿದ್ದು ನಮ್ಮೂರ ಆಲೆಮನೆಯ ಭಾಷೆಯಲ್ಲಿ. "ಗಾಣ ನೋಡಿದ್ದೀಯಲ್ಲ? ಉರುಳು ತಿರುಗ್ತಾವೆ, ಕಬ್ಬು ಕೊಟ್ರೆ ಎಳ್ಕೊಳ್ತಾವೆ. ಇದೂ ಅಷ್ಟೇಯ. ಅಲ್ಲಿ ರಸ ತೆಗೀತೀವಿ, ಇಲ್ಲಿ ರೂಪ ತೆಗೀತೀವಿ." ಉಕ್ಕಿನ ದಿಮ್ಮಿಯನ್ನು ಕಾಯಿಸುವ ಕುಲುಮೆಯಲ್ಲಿ ಸುಮಾರು 1,200 ಡಿಗ್ರಿಗೆ ಕಾಯಿಸುತ್ತಾರೆ. ಅದು ಕರಗುವುದಿಲ್ಲ, ಆದರೆ ಕಲಸಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಮೊದಲು ದೊಡ್ಡ ಉರುಳುಗಳ ಮಿಲ್ಲಿನಲ್ಲಿ ದಿಮ್ಮಿಯನ್ನು ಸಣ್ಣ ಮಾಡಿ, ತುಂಡರಿಸಿ, ಮತ್ತೆ ಕಾಯಿಸಿ, ಸರಳಿನ ಮಿಲ್ಲಿಗೆ ಕೊಡುತ್ತಾರೆ. ಹಳೆಯ ಕಾಲದ ಮಿಲ್ಲುಗಳಲ್ಲಿ ಒಂದರ ಮೇಲೊಂದು ಮೂರು ಉರುಳು ಇರುತ್ತಿದ್ದವು. ಕೆಳಗಿನ ಎರಡರ ನಡುವೆ ಹೋದದ್ದು ಆಚೆಯಿಂದ ಮೇಲಿನ ಎರಡರ ನಡುವೆ ವಾಪಸು ಬರುತ್ತದೆ. ಮೋಟಾರನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿಸುವ ಕಷ್ಟವಿಲ್ಲ. ಜೊತೆಗೊಂದು ಭಾರಿ ಚಕ್ರ. ಉರುಳಿಗೆ ಮಾಲು ಬಿದ್ದ ಕ್ಷಣ ಹೊರೆ ಒಮ್ಮೆಲೇ ಬೀಳುತ್ತದೆ. ಖಾಲಿ ತಿರುಗುವಾಗ ಕೂಡಿಟ್ಟ ವೇಗವನ್ನು ಆ ಚಕ್ರ ಆಗ ಬಿಟ್ಟುಕೊಡುತ್ತದೆ.

ಉರುಳಿನ ಮೈ ನುಣುಪಲ್ಲ. ಅದರ ಸುತ್ತ ಬಳೆ ತೊಡಿಸಿದಂತೆ ಗಾಡಿಗಳು. ಮೇಲಿನ ಉರುಳಿನ ಗಾಡಿ, ಕೆಳಗಿನ ಉರುಳಿನ ಗಾಡಿ ಎರಡೂ ಸೇರಿದಾಗ ನಡುವೆ ಒಂದು ಕಿಂಡಿ. ಮೊದಲ ಕಿಂಡಿ ಚಚ್ಚೌಕ, ಮುಂದಿನದು ಮೊಟ್ಟೆಯಾಕಾರ, ಮತ್ತೆ ಚಚ್ಚೌಕ, ಮತ್ತೆ ಮೊಟ್ಟೆ, ಕಟ್ಟಕಡೆಯದು ದುಂಡು. ಮೊಟ್ಟೆಯಾಕಾರದಲ್ಲಿ ಮಲಗಿ ಬಂದ ಸರಳನ್ನು ಮುಂದಿನ ಕಿಂಡಿಗೆ ನೆಟ್ಟಗೆ ನಿಲ್ಲಿಸಿ ಕೊಡಬೇಕು. ಇಲ್ಲವಾದರೆ ಅಂಚಿನಲ್ಲಿ ರೆಕ್ಕೆ ಮೂಡುತ್ತದೆ. ಯಂತ್ರದ ಕೈಗಳು ಬರುವ ಮೊದಲು ಇದನ್ನು ಮಾಡುತ್ತಿದ್ದವರು ಉದ್ದ ಇಕ್ಕಳ ಹಿಡಿದ ಮನುಷ್ಯರು. ಕೆಂಪಗೆ ಹಾವಿನಂತೆ ನುಗ್ಗುವ ಸರಳಿನ ಮೂತಿ ಹಿಡಿದು, ಮಣಿಕಟ್ಟು ತಿರುವಿ, ಮುಂದಿನ ಕಿಂಡಿಗೆ ತೂರಿಸಬೇಕು. ಅದಕ್ಕೆ ಸಿಗುವ ಕಾಲ ಒಂದು ಕ್ಷಣ.

ದೊಡ್ಡಪ್ಪ ಇಕ್ಕಳ ಹಿಡಿಯುವವರಲ್ಲ. ಅವರದು ಉರುಳುಗಳಿಗೆ ಗಾಡಿ ಕೊರೆಯುವ ಲೇತು. ಸಾವಿರಾರು ಟನ್ನು ಕಾದ ಉಕ್ಕು ಹಾದು ಹೋದಂತೆ ಗಾಡಿ ಸವೆಯುತ್ತದೆ, ಅರ್ಧ ಇಂಚಿನ ಸರಳು ಕೂದಲೆಳೆಯಷ್ಟು ದಪ್ಪವಾಗತೊಡಗುತ್ತದೆ. ಆಗ ಉರುಳನ್ನು ಬಿಚ್ಚಿ ತಂದು ಲೇತಿಗೆ ಏರಿಸಿ ಗಾಡಿಯನ್ನು ಹೊಸದಾಗಿ ಕೊರೆಯಬೇಕು. ಪ್ರತಿ ಸಲವೂ ಉರುಳು ಒಂದಿಷ್ಟು ಸಣ್ಣದಾಗುತ್ತದೆ. ಇನ್ನು ಕೊರೆಯಲಾಗದು ಎನ್ನುವ ಹಂತಕ್ಕೆ ಬಂದದ್ದನ್ನು ಒಡೆದು ಕರಗಿಸುತ್ತಾರೆ. ದೊಡ್ಡಪ್ಪನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ಕಿಂಡಿಯ ಆಕಾರವನ್ನು ಪೆನ್ಸಿಲಿನಲ್ಲಿ ಬರೆದು, ಅಳತೆಯನ್ನು ಕನ್ನಡ ಅಂಕಿಯಲ್ಲಿ ಗುರುತು ಮಾಡಿದ್ದರು. ಏಳನೇ ಕ್ಲಾಸು ಓದಿದವರ ರೇಖಾಗಣಿತ ಅದು.

ಇದರೊಳಗಿನ ಲೆಕ್ಕವನ್ನು ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಬೇಕು. ಉರುಳು ಉಕ್ಕನ್ನು ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಅಡ್ಡಳತೆ ಕಡಿಮೆಯಾದಷ್ಟೂ ಉದ್ದ ಹೆಚ್ಚುತ್ತದೆ. 100 ಮಿ.ಮೀ. ಅಗಲ, ಅಷ್ಟೇ ದಪ್ಪ, ಒಂದು ಮೀಟರ್ ಉದ್ದದ ಉಕ್ಕಿನ ತುಂಡು ಎಪ್ಪತ್ತೆಂಟೂವರೆ ಕೆ.ಜಿ. ತೂಗುತ್ತದೆ. ಅದನ್ನು 10 ಮಿ.ಮೀ. ದಪ್ಪದ ದುಂಡು ಸರಳು ಮಾಡಿದರೆ ಬರುವ ಉದ್ದ ಸುಮಾರು 127 ಮೀಟರ್. ಮೇಸ್ತ್ರಿಯ ಸೂತ್ರದಲ್ಲಿ ಹಿಂದಕ್ಕೆ ಹೋಗಿ: 10ನ್ನು 10ರಿಂದ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ 0.617 ಕೆ.ಜಿ. ಅದನ್ನು 127ರಿಂದ ಗುಣಿಸಿದರೆ ಮತ್ತೆ ಅದೇ ಎಪ್ಪತ್ತೆಂಟು ಚಿಲ್ಲರೆ. ಗುಜರಿಯವನ ತಕ್ಕಡಿ, ಮೇಸ್ತ್ರಿಯ ಸೂತ್ರ, ದೊಡ್ಡಪ್ಪನ ನೋಟ್‌ಬುಕ್ ಮೂರೂ ಒಂದೇ ಲೆಕ್ಕದ ಮೇಲೆ ನಿಂತಿವೆ.

ಮಿಲ್ಲು ಹಾಗೇ ಉಳಿಯಲಿಲ್ಲ. 1940ರ ದಶಕದ ಕೊನೆಗೆ ಜೋಗದ ವಿದ್ಯುತ್ತು ಬಂದ ಮೇಲೆ ಇದ್ದಿಲಿನ ಹೊರೆ ಇಳಿಸಲು ವಿದ್ಯುತ್ ಕುಲುಮೆಗಳು ಬಂದವು. 1962ರಲ್ಲಿ ಕಾರ್ಖಾನೆ ಸರ್ಕಾರಿ ಕಂಪನಿಯಾಯಿತು. ಅರವತ್ತರ ದಶಕದಿಂದ ಸಾಮಾನ್ಯ ಸರಳಿನ ಬದಲು ವಿಶೇಷ ಮಿಶ್ರ ಉಕ್ಕುಗಳತ್ತ, ಅಂದರೆ ರೈಲು, ವಾಹನ, ರಕ್ಷಣೆಗೆ ಬೇಕಾದ ಉಕ್ಕಿನತ್ತ ಹೊರಳಿತು. ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಗಿ, 1998ರಲ್ಲಿ ಅದರಲ್ಲಿ ವಿಲೀನವಾಯಿತು. 2016ರಲ್ಲಿ ಮಾರಾಟದ ಪಟ್ಟಿಗೆ ಸೇರಿತು, ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ, ಊದುಕುಲುಮೆಗೆ ಮೊದಲ ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷವಾದ ತಿಂಗಳಲ್ಲಿ, ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗೆ ಬಂದು ಕೂತರು. ಅದೇ ವರ್ಷದ ಆಗಸ್ಟಿನಲ್ಲಿ ಸರಳಿನ ಮಿಲ್ಲು ಮತ್ತೆ ತಿರುಗಿತು, ಬೇರೆ ಕಾರ್ಖಾನೆಗಳಿಂದ ತಂದ ಉಕ್ಕಿನ ದಿಮ್ಮಿಗಳ ಮೇಲೆ. ಕುಲುಮೆ ಆರಿದ ಊರಲ್ಲಿ ಉರುಳು ಮಾತ್ರ ತಿರುಗುವುದೆಂದರೆ, ಹೊರಗಿನಿಂದ ಹಿಟ್ಟು ತಂದು ರೊಟ್ಟಿ ತಟ್ಟಿದ ಹಾಗೆ. ಹಸಿವು ತೀರುತ್ತದೆ, ಬೇಸಾಯ ಉಳಿಯುವುದಿಲ್ಲ.

ಅದೇ 2023ರ ಫೆಬ್ರವರಿ 6ರಂದು ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಊರವರೆಲ್ಲ ಸಂಭ್ರಮಪಟ್ಟರು, ನಾನೂ ಪಟ್ಟೆ. 1954ರಲ್ಲಿ ದೊಡ್ಡಪ್ಪ ರೈಲು ಹತ್ತಿ ಕೆಲಸ ಹುಡುಕಿ ಹೋಗಬೇಕಾಯಿತು. ಅವರ ಮರಿಮಕ್ಕಳ ಕಾಲಕ್ಕೆ ಕಾರ್ಖಾನೆಯೇ ತಾಲ್ಲೂಕಿಗೆ ಬಂತು. ಆದರೆ ಒಂದೇ ರಾಜ್ಯದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಒಂದು ಕಾರ್ಖಾನೆಗೆ ಮಂಗಳಾರತಿ, ಇನ್ನೊಂದಕ್ಕೆ ತಿಥಿಯ ಮಾತು ಕೇಳಿದಾಗ, ಇತಿಹಾಸದ ಮೇಷ್ಟರಿಗೆ ಒಂದು ಪ್ರಶ್ನೆ ಏಳಲೇಬೇಕು. ಕೆಲಸ ನಿಂತ ಮೇಲೆ ಆ ಕಟ್ಟಡ, ಆ ಯಂತ್ರ ನಮಗೆ ಏನು?

ಇದಕ್ಕೆ ಸುಲಭದ ಉತ್ತರ ಗುಜರಿ. ನಾನು ಅದನ್ನು ಹಗುರಾಗಿ ತಳ್ಳಿಹಾಕುವುದಿಲ್ಲ. ಉಕ್ಕಿನ ಸ್ವಭಾವವೇ ಕರಗಿ ಮತ್ತೆ ಉಕ್ಕಾಗುವುದು. ಹಳೆಯ ಉರುಳನ್ನು ಕರಗಿಸಿದಾಗ ದೊಡ್ಡಪ್ಪ ಎಂದೂ ಅತ್ತವರಲ್ಲ. ಇನ್ನೂ ಒಂದು ಮಾತಿದೆ. ಈ ಕಾರ್ಖಾನೆಯ ಮೊದಲ ದಶಕಗಳ ಬೆಂಕಿಗೆ ಸೌದೆಯಾದದ್ದು ಶಿವಮೊಗ್ಗ, ಕಡೂರು ಸೀಮೆಯ ಕಾಡು. ಸೌದೆ ತರಲು ಕಾಡಿನೊಳಕ್ಕೆ ಸಣ್ಣ ರೈಲು ಹಳಿ ಹಾಕಿದ್ದರು. ಕೆಮ್ಮಣ್ಣುಗುಂಡಿಯ ಬೆಟ್ಟದ ಮೈಯಲ್ಲಿ ಅಗೆದ ಗಾಯಗಳಿವೆ. ನಮ್ಮ ಕಿಟಕಿಯ ಒಂದೊಂದು ಸರಳಿಗೂ ಆ ಕಾರ್ಖಾನೆಯನ್ನು ಸಾಕಿದ ಮರಗಳ ಋಣವಿದೆ. ಸ್ಮಾರಕ ಮಾಡುವುದಾದರೆ ಆ ಲೆಕ್ಕವನ್ನೂ ಅದರಲ್ಲಿ ಬರೆಯಬೇಕು. ಹೊಗಳಿಕೆಯ ಫಲಕವೊಂದನ್ನೇ ನೆಟ್ಟರೆ ಅದು ಇತಿಹಾಸವಾಗುವುದಿಲ್ಲ.

ಆದರೂ ಗುಜರಿ ಪೂರ್ತಿ ಉತ್ತರವಲ್ಲ. ಜರ್ಮನಿಯ ಫೋಲ್ಕ್ಲಿಂಗೆನ್ ಎಂಬಲ್ಲಿ 1986ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಉಳಿಸಿಕೊಂಡರು. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ, ಪಟ್ಟದಕಲ್ಲು ಇರುವ ಅದೇ ಪಟ್ಟಿಗೆ. ಅಲ್ಲಿ ಜನ ಟಿಕೆಟ್ ಕೊಟ್ಟು ಕುಲುಮೆಯ ನೆತ್ತಿ ಹತ್ತಿ ನೋಡುತ್ತಾರೆ. ಕಲ್ಲಿನ ಗುಡಿಗೆ ಕೊಡುವ ಗೌರವವನ್ನು ಕಬ್ಬಿಣದ ಕಟ್ಟಡಕ್ಕೂ ಕೊಡಬಹುದು ಎನ್ನುವುದಕ್ಕೆ ಅದೊಂದು ಸಾಕ್ಷಿ. ನಮ್ಮಲ್ಲಿ ಶಾಸನ ಕೊರೆದ ಶಿಲ್ಪಿಯ ಹೆಸರು ಹುಡುಕಿ ಪ್ರಬಂಧ ಬರೆಯುತ್ತೇವೆ. ಉರುಳಿಗೆ ಗಾಡಿ ಕೊರೆದವನ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಈಗಿನ ಸರಳುಗಳ ಮೇಲಾದರೂ ಕಂಪನಿಯ ಹೆಸರು ಉಬ್ಬಿಕೊಂಡಿರುತ್ತದೆ. ನಮ್ಮ ಕಿಟಕಿಯ ನುಣುಪು ಸರಳಿನ ಮೇಲೆ ಅದೂ ಇಲ್ಲ.

ಎಲ್ಲ ಯಂತ್ರವನ್ನೂ ಉಳಿಸಲಾಗದು, ನನಗೆ ಗೊತ್ತು. ಆದರೆ ಯಂತ್ರ ಹೋಗುವ ಮೊದಲು ಉಳಿಸಬಹುದಾದ ಕೆಲವು ಇವೆ, ಅವಕ್ಕೆ ದೊಡ್ಡ ಹಣ ಬೇಕಿಲ್ಲ. ಒಂದು ಜೊತೆ ಉರುಳು ಅದರ ಚೌಕಟ್ಟಿನ ಸಮೇತ. ಕಿಂಡಿಗಳ ನಕ್ಷೆ. ಕಟ್ಟಡದ ಅಳತೆ ಮತ್ತು ಚಿತ್ರ. ಎಲ್ಲಕ್ಕಿಂತ ಮೊದಲು, ನಿವೃತ್ತರ ಮಾತು. ಭದ್ರಾವತಿಯಲ್ಲಿ ಕನ್ನಡ, ತಮಿಳು, ತೆಲುಗು ಎಲ್ಲ ನುಡಿಯವರೂ ಬಂದು ನೆಲೆಸಿದರು, ಮೂರು ತಲೆಮಾರು ಒಂದೇ ಸೈರನ್ನಿಗೆ ಎದ್ದರು. ಇಕ್ಕಳವನ್ನು ಯಾವ ಕೋನದಲ್ಲಿ ತಿರುವಬೇಕು, ಸರಳಿನ ಬಣ್ಣ ನೋಡಿ ಬಿಸಿ ಹೇಗೆ ಹೇಳಬೇಕು ಎನ್ನುವುದು ಯಾವ ಕಡತದಲ್ಲೂ ಇಲ್ಲ. ಅದು ಅವರ ಮಣಿಕಟ್ಟಿನಲ್ಲಿದೆ, ಕಣ್ಣಿನಲ್ಲಿದೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಭದ್ರಾವತಿಯವರಿದ್ದರೆ, ನಿಮ್ಮ ಅಜ್ಜನ ಪಕ್ಕ ಒಂದು ಸಂಜೆ ಫೋನಿನ ರೆಕಾರ್ಡರ್ ಇಟ್ಟುಕೊಂಡು ಕೂರಿ. ನಾನು ದೊಡ್ಡಪ್ಪನ ಪಕ್ಕ ಹಾಗೆ ಕೂರಲಿಲ್ಲ. ಅವರು ತೀರಿಕೊಂಡ ಮೇಲೆ ಆ ನೋಟ್‌ಬುಕ್ ಹಳೆಯ ಪೇಪರಿನ ಜೊತೆ ಹೋಯಿತು. ಅದು ಎಷ್ಟಕ್ಕೆ ಹೋಯಿತು ಎಂದು ಕೂಡ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಕಳೆದ ಭಾನುವಾರ ಊರಿಗೆ ಹೋಗಿ ಒಂದು ಸರಳಿನ ಬಣ್ಣ ಕೆರೆದೆ. ಮೂರು ಪದರ ಹಸಿರು ಪೇಂಟಿನ ಕೆಳಗೆ, ಅಲ್ಲಲ್ಲಿ, ನೀಲಿಗಪ್ಪು ಸಿಪ್ಪೆ ಸಿಕ್ಕಿತು. ಕಾದ ಉಕ್ಕು ಉರುಳಿನಿಂದ ಹೊರಬಂದು ಗಾಳಿ ತಾಗಿ ತಣಿಯುವಾಗ ಮೈಮೇಲೆ ಕಟ್ಟುವ ಪೊರೆ ಅದು. ಮಿಲ್ಲು ಆ ಸರಳಿನ ಮೇಲೆ ಹಾಕಿದ ಸಹಿ ಎಂದರೆ ಅದೊಂದೇ. ಹೆಬ್ಬೆರಳಿಟ್ಟು ಸುತ್ತ ಸವರಿದೆ. ಅರವತ್ತು ವರ್ಷದ ಮೇಲೂ ದುಂಡಗೇ ಇತ್ತು.

ಹೊಸ ಮನೆ ಕಟ್ಟುವ ಮೇಸ್ತ್ರಿಯನ್ನು ಕೇಳಿದೆ. "ನುಣುಪು ಸರಳು ಈಗ ಕಾಂಕ್ರೀಟಿಗೆ ಬರಲ್ಲ ಸಾರ್, ಹಿಡಿತ ಇರಲ್ಲ. ಕಿಟಕಿಗೆ ಬೇಕಾದ್ರೆ ಹಾಕ್ಕೊಡ್ತೀನಿ" ಎಂದ. ಗುಜರಿಯವನಿಗೆ ಫೋನು ಮಾಡಿ, ಹಂಡೆ, ರಾಟೆ, ಗುಳ ಎಲ್ಲ ತಗೊಂಡು ಹೋಗಪ್ಪ, ಕಿಟಕಿ ಮಾತ್ರ ಬೇಡ ಎಂದೆ. ಅವನು ನಕ್ಕು, "ಸಾವಿರ ರೂಪಾಯಿ ಬಿಡ್ತೀರಲ್ಲ ಸಾರ್" ಎಂದ.

ಸಾವಿರದ ಇಪ್ಪತ್ತು ಎಂದು ತಿದ್ದಿದೆ.